ಷೇರು ಯಾರ ಕೈಯಲ್ಲಿದೆ?

ಸಾಹಿತ್ಯ ಸಂಗೀತಗಳ ಮಾತೇ ಹೆಚ್ಚಾಗಿ ನಡೆಯುವ ಈ ಉಪನ್ಯಾಸ ಮಾಲೆಯಲ್ಲಿ ವ್ಯವಹಾರದ ವಿಷಯಕ್ಕೂ ಒಂದು ಸಂಜೆ ಬಿಟ್ಟುಕೊಟ್ಟಿದ್ದೀರಿ, ಸಂತೋಷ. ಒಂದು ಕುಟುಂಬದ ಒಡೆತನದಲ್ಲಿರುವ ಸಾಫ್ಟ್‌ವೇರ್ ಸಲಹಾ ಸಂಸ್ಥೆ ಪರಿಸರದ ಕಾಳಜಿಯನ್ನೂ ಎಲ್ಲ ಬಗೆಯ ಜನಕ್ಕೆ ಜಾಗ ಕೊಡುವ ನಿಲುವನ್ನೂ ಉಳಿಸಿಕೊಳ್ಳುವುದು ಹೇಗೆ ಎಂಬುದು ಇವತ್ತಿನ ಪ್ರಶ್ನೆ. ಇದಕ್ಕೆ ಉತ್ತರವನ್ನು ಸಂಸ್ಥೆಯ ಗೋಡೆಯ ಮೇಲಿನ ಧ್ಯೇಯವಾಕ್ಯದಲ್ಲಿ ಹುಡುಕಬಾರದು, ಷೇರು ಪುಸ್ತಕದಲ್ಲಿ ಹುಡುಕಬೇಕು ಎಂದು ನಾನು ನಂಬಿದ್ದೇನೆ. ಯಾಕೆ ಎಂದು ಹೇಳಲು ಎರಡು ಸಂಸ್ಥೆಗಳ ಕಥೆ ಬೇಕು. ಒಂದು ಇಂಗ್ಲೆಂಡಿನದು, ಇನ್ನೊಂದು ನಮ್ಮ ಬೆಂಗಳೂರಿನ ಸರ್ಜಾಪುರ ರಸ್ತೆಯದು.

1939ರಲ್ಲಿ ಯೆಹೂದಿ ತಂದೆಯ ಐದು ವರ್ಷದ ಮಗಳೊಬ್ಬಳು ನಿರಾಶ್ರಿತ ಮಕ್ಕಳ ರೈಲಿನಲ್ಲಿ ಅಕ್ಕನ ಕೈ ಹಿಡಿದು ವಿಯೆನ್ನಾದಿಂದ ಹೊರಟು ಇಂಗ್ಲೆಂಡ್ ಸೇರಿದಳು. ಸ್ಟೆಫನಿ ಶರ್ಲಿ ಎಂದು ಮುಂದೆ ಜಗತ್ತು ಬಲ್ಲ ಹೆಣ್ಣುಮಗಳು ಈಕೆಯೇ. ಅಂಚೆ ಇಲಾಖೆಯ ಸಂಶೋಧನಾಲಯದಲ್ಲಿ ದುಡಿಯುತ್ತ, ಸಂಜೆ ತರಗತಿಗಳಲ್ಲಿ ಗಣಿತದ ಪದವಿ ಪಡೆದರು. ಹೆಣ್ಣೆಂಬ ಕಾರಣಕ್ಕೆ ಮೇಲೇರಲು ದಾರಿಯಿಲ್ಲ ಎಂದು ಖಾತ್ರಿಯಾದಾಗ, 1962ರಲ್ಲಿ ಆರು ಪೌಂಡ್ ಬಂಡವಾಳ ಹಾಕಿ ಮನೆಯ ಊಟದ ಮೇಜಿನ ಮೇಲೆಯೇ ಸ್ವಂತ ಸಂಸ್ಥೆ ತೆರೆದರು. ಅದರ ಹೆಸರು ಫ್ರೀಲಾನ್ಸ್ ಪ್ರೋಗ್ರಾಮರ್ಸ್.

ಮದುವೆಯಾಗಿ, ಮಕ್ಕಳಾಗಿ ಕೆಲಸ ಬಿಟ್ಟ ಪ್ರೋಗ್ರಾಮರ್ ಹೆಂಗಸರು ಆಗ ಇಂಗ್ಲೆಂಡಿನ ಊರೂರಲ್ಲೂ ಇದ್ದರು. ಕಲಿತ ವಿದ್ಯೆ ಹಾಗೇ ಇತ್ತು, ಕೇಳುವವರಿರಲಿಲ್ಲ. ಅಂಥವರನ್ನು ಶರ್ಲಿ ಹುಡುಕಿ ಕೆಲಸ ಕೊಟ್ಟರು. ಅವರು ಮಗುವನ್ನು ಮಲಗಿಸಿ ಪೆನ್ಸಿಲ್ಲಿನಲ್ಲಿ ಹಾಳೆಯ ಮೇಲೆ ಪ್ರೋಗ್ರಾಂ ಬರೆದು ಅಂಚೆಗೆ ಹಾಕುತ್ತಿದ್ದರು. ಸ್ಟೆಫನಿ ಎಂದು ಸಹಿ ಮಾಡಿದ ಪತ್ರಗಳಿಗೆ ಉತ್ತರ ಬಾರದೆ ಹೋದಾಗ, ಶರ್ಲಿ ಗಂಡನ ಸಲಹೆಯಂತೆ ಸ್ಟೀವ್ ಎಂದು ಸಹಿ ಹಾಕತೊಡಗಿದರು. ಗಿರಾಕಿಗಳು ಮಾತಿಗೆ ಕರೆದರು. ಫೋನಿನಲ್ಲಿ ಮಾತಾಡುವಾಗ ಮನೆಯ ಸದ್ದು ಕೇಳಿಸದಿರಲೆಂದು ಟೈಪಿಂಗ್ ಸದ್ದಿನ ಟೇಪು ಹಾಕುತ್ತಿದ್ದರಂತೆ. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿಗೆ ಪ್ರೋಗ್ರಾಂ ಬರೆದುಕೊಟ್ಟವರು ಹೀಗೆ ಮನೆಯಲ್ಲಿ ಕೂತು ದುಡಿದ ಹೆಂಗಸರು. ಮೊದಲ 300 ಸಿಬ್ಬಂದಿಯಲ್ಲಿ 297 ಮಂದಿ ಹೆಂಗಸರೇ. 1975ರಲ್ಲಿ ಲಿಂಗ ತಾರತಮ್ಯ ನಿಷೇಧದ ಕಾನೂನು ಬಂದಾಗ ಇವರೂ ಗಂಡಸರಿಗೆ ಬಾಗಿಲು ತೆರೆಯಬೇಕಾಯಿತು.

ಇಲ್ಲಿ ಗಮನಿಸಬೇಕಾದದ್ದು ಶರ್ಲಿ ಕೆಲಸದ ಸ್ವರೂಪವನ್ನೇ ಬದಲಿಸಿದ್ದು. ಹೆಂಗಸರು ಬಂದು ಆಫೀಸಿನ ಗಂಟೆಗಳಿಗೆ ಹೊಂದಿಕೊಳ್ಳಲಿ ಎನ್ನಲಿಲ್ಲ. ಯಾವ ಹೊತ್ತಿನಲ್ಲಾದರೂ ಬರೆಯಿರಿ, ಒಪ್ಪಿಕೊಂಡ ದಿನಕ್ಕೆ ಸರಿಯಾದ ಕೆಲಸ ಕೈಸೇರಲಿ ಎಂದರು. ಇವತ್ತು ನಮ್ಮ ಎಷ್ಟೋ ಸಂಸ್ಥೆಗಳು ಮಹಿಳಾ ದಿನಕ್ಕೆ ಹೂಗುಚ್ಛ ಕೊಟ್ಟು, ರಾತ್ರಿ ಒಂಬತ್ತರ ಮೀಟಿಂಗನ್ನು ಹಾಗೇ ಉಳಿಸಿಕೊಂಡಿವೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಆಮೇಲೆ ಶರ್ಲಿ ಇನ್ನೂ ದೊಡ್ಡ ಹೆಜ್ಜೆ ಇಟ್ಟರು. ತಮ್ಮ ಷೇರಿನ ದೊಡ್ಡ ಪಾಲನ್ನು ಹಂತಹಂತವಾಗಿ ಕೆಲಸಗಾರರಿಗೆ ದಾಟಿಸಿದರು. 1996ರಲ್ಲಿ ಸಂಸ್ಥೆ ಷೇರುಪೇಟೆಗೆ ಬಂದ ಮೇಲೆ ಎಪ್ಪತ್ತು ಮಂದಿ ಸಿಬ್ಬಂದಿ ಮಿಲಿಯನೇರ್‌ಗಳಾದರು, ಅದೂ ಪೌಂಡುಗಳಲ್ಲಿ. ಜಾನ್ಸಾ ಎಂಬ ಹೊಸ ಹೆಸರು ಪಡೆದ ಸಂಸ್ಥೆಯನ್ನು 2007ರಲ್ಲಿ ಫ್ರಾನ್ಸಿನ ಸ್ಟೀರಿಯಾ ಕೊಂಡಿತು. ಷೇರು ಒಮ್ಮೆ ಪೇಟೆಗೆ ಬಂದರೆ ಯಾರು ಬೇಕಾದರೂ ಕೊಳ್ಳಬಹುದು, ಸ್ಥಾಪಕರ ಆಶಯ ಕೊಳ್ಳುವವರನ್ನು ಕಟ್ಟಿಹಾಕುವುದಿಲ್ಲ. ಶರ್ಲಿ ತಮಗೆ ಬಂದ ಹಣದ ಬಹುಪಾಲನ್ನು ದಾನ ಮಾಡಿ, 2025ರ ಆಗಸ್ಟಿನಲ್ಲಿ ತೀರಿಕೊಂಡರು. ಅವರ ಮಗನಿಗೆ ಆಟಿಸಂ ಇತ್ತು. ದಾನದ ದೊಡ್ಡ ಭಾಗ ಆ ಕ್ಷೇತ್ರಕ್ಕೇ ಹೋಯಿತು.

ಇನ್ನು ಸರ್ಜಾಪುರ ರಸ್ತೆಯ ವಿಪ್ರೋ. 1945ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಅಮಳನೇರದಲ್ಲಿ ವನಸ್ಪತಿ ಮಾಡುವ ಕಂಪನಿಯಾಗಿ ಹುಟ್ಟಿತು. 1966ರಲ್ಲಿ ತಂದೆ ಮೊಹಮದ್ ಹಾಶಂ ಪ್ರೇಮ್‌ಜಿ ತೀರಿಕೊಂಡಾಗ ಇಪ್ಪತ್ತೊಂದರ ಅಜೀಂ ಪ್ರೇಮ್‌ಜಿ ಸ್ಟ್ಯಾನ್‌ಫರ್ಡಿನ ಓದು ಬಿಟ್ಟು ಬಂದರು. ಐಬಿಎಂ ಭಾರತದಿಂದ ಕಾಲ್ತೆಗೆದ ಮೇಲೆ ಕಂಪ್ಯೂಟರಿಗೆ ಕೈಹಾಕಿದರು. ಉಳಿದದ್ದು ನಿಮಗೆಲ್ಲ ಗೊತ್ತು. ಹೆಚ್ಚಿನವರು ಗಮನಿಸದ ಸಂಗತಿ ಒಡೆತನದ್ದು. ಷೇರುಪೇಟೆಯಲ್ಲಿ ಪಟ್ಟಿಯಾಗಿದ್ದರೂ ವಿಪ್ರೋದ ನಾಲ್ಕರಲ್ಲಿ ಸುಮಾರು ಮೂರು ಪಾಲು ಪ್ರವರ್ತಕರ ಬಳಿಯೇ ಇದೆ. ಆದರೆ 2019ರ ಮಾರ್ಚ್‌ನಲ್ಲಿ ಪ್ರೇಮ್‌ಜಿ ಇನ್ನೂ 34 ಪ್ರತಿಶತ ಷೇರುಗಳ ಲಾಭವನ್ನು ಹಿಂಪಡೆಯಲಾಗದಂತೆ ತಮ್ಮ ಫೌಂಡೇಶನ್ನಿಗೆ ಬಿಟ್ಟುಕೊಟ್ಟರು. ಒಟ್ಟು 67 ಪ್ರತಿಶತದ ಲಾಭ ಹೀಗೆ ಫೌಂಡೇಶನ್ನಿನ ಪಾಲಾಯಿತು. ಸರ್ಕಾರಿ ಶಾಲೆಗಳ ಮೇಷ್ಟರುಗಳ ಜೊತೆ ಆ ಫೌಂಡೇಶನ್ ಮಾಡುವ ಕೆಲಸ ಯಾದಗಿರಿಯ ಕಡೆಯವರಿಗೆ ಗೊತ್ತಿದೆ.

ಹಕ್ಕು ಎರಡು ಬಗೆಯದು, ಲಾಭ ಉಣ್ಣುವ ಹಕ್ಕು ಮತ್ತು ನಿರ್ಧಾರ ಮಾಡುವ ಹಕ್ಕು. ಪ್ರೇಮ್‌ಜಿ ಮೊದಲನೆಯದನ್ನು ಬಿಟ್ಟರು, ಎರಡನೆಯದು ಬಹುಮಟ್ಟಿಗೆ ಮನೆಯಲ್ಲೇ ಉಳಿಯಿತು. ಅದೇ ವರ್ಷ ಮಗ ರಿಷದ್ ಅಧ್ಯಕ್ಷರಾದರು. ಮನೆತನದ ಹಿಡಿತಕ್ಕೆ ಒಂದು ಗುಣವಿದೆ. ಮೂರು ತಿಂಗಳಿಗೊಮ್ಮೆ ಪೇಟೆಯ ಮುಖ ನೋಡದೆ, ಹತ್ತು ವರ್ಷಕ್ಕೆ ಫಲ ಕೊಡುವ ಕೆಲಸ ಶುರುಮಾಡಬಹುದು. 2040ರೊಳಗೆ ಇಂಗಾಲದ ಹೊರಸೂಸುವಿಕೆಯಲ್ಲಿ ನೆಟ್ ಜೀರೋ ಎಂಬ ಗುರಿಯಿಡುವುದು ಅಂಥವರಿಗೆ ಸುಲಭ. ದೋಷವೂ ಅಲ್ಲೇ ಇದೆ. ಮುಂದಿನ ತಲೆಮಾರಿಗೆ ಮನಸ್ಸಿಲ್ಲದಿದ್ದರೆ ಕೇಳುವವರಾರು? ಅದಕ್ಕೇ ನನಗೆ ಆ ಹಿಂಪಡೆಯಲಾಗದ ಕಾಗದದ ಮೇಲೆ ಗೌರವ.

ದೊಡ್ಡವರ ಮೇಲೆ ಕಾನೂನಿನ ಕಣ್ಣೂ ಇದೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಪಟ್ಟಿಯಾದ ಕಂಪನಿಗಳು ಪರಿಸರ ಮತ್ತು ಸಿಬ್ಬಂದಿಯ ಲೆಕ್ಕವನ್ನು ಷೇರುಪೇಟೆಯ ನಿಯಂತ್ರಕ ಸೆಬಿಯ ನಮೂನೆಯಲ್ಲಿ ಪ್ರತಿವರ್ಷ ಕೊಡಬೇಕು. ಆದರೆ ಜಯನಗರದಲ್ಲೋ ಹುಬ್ಬಳ್ಳಿಯಲ್ಲೋ ಅಪ್ಪ ಕಟ್ಟಿ, ಮಗಳು ನಡೆಸುವ ನಲವತ್ತು ಜನರ ಪ್ರೈವೇಟ್ ಲಿಮಿಟೆಡ್ಡಿಗೆ ಇದು ತಟ್ಟುವುದಿಲ್ಲ. ಐವತ್ತು ಜನ ಆಗುವತನಕ ಮಕ್ಕಳ ಪಾಲನಾ ಕೇಂದ್ರವೂ ಕಡ್ಡಾಯವಲ್ಲ. ಅಲ್ಲಿ ಒಡತಿ ಮಾಡಿದ್ದೇ ಕಟ್ಟಳೆ.

ಅಂಥ ಒಡತಿಗೆ ನಾನು ಮೊದಲು ತೋರಿಸುವುದು ನೇಮಕಾತಿಯ ಜಾಹೀರಾತು. ಹತ್ತನೇ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಅರವತ್ತು ಪ್ರತಿಶತ, ಯಾವ ಪೇಪರೂ ಬಾಕಿ ಇರಬಾರದು ಎಂಬ ಸಾಲು ಅದರಲ್ಲಿರುತ್ತದೆ. ಕೋಡ್ ಬರೆಯುವ ಶಕ್ತಿಗೂ ಹತ್ತನೇ ತರಗತಿಯ ಅಂಕಕ್ಕೂ ಏನು ಸಂಬಂಧ? ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಮೊದಲ ಪದವೀಧರಳಾಗಿ, ಇಂಗ್ಲಿಷ್ ಪೇಪರಿನಲ್ಲಿ ಒಮ್ಮೆ ಎಡವಿದ ಸಿಂಧನೂರಿನ ಹುಡುಗಿಯ ಅರ್ಜಿಯನ್ನು ಕಂಪ್ಯೂಟರೇ ತಳ್ಳಿಹಾಕುತ್ತದೆ, ಮನುಷ್ಯರು ನೋಡುವುದೂ ಇಲ್ಲ. ಜಾತಿಯ ಹೆಸರೆತ್ತದೆಯೇ ಜಾತಿಯಿಂದಾಗಿ ಹಿಂದುಳಿದವರನ್ನು ಹೊರಗಿಡುವ ಸಾಲು ಅದು. ನಮ್ಮಲ್ಲಿ ವೈವಿಧ್ಯದ ಮಾತನ್ನು ಹೆಣ್ಣು-ಗಂಡಿನ ಎಣಿಕೆಗೆ ನಿಲ್ಲಿಸಿದರೆ ಅರ್ಧ ಕೆಲಸವೂ ಆಗಿರುವುದಿಲ್ಲ. ವಿಪ್ರೋ 1990ರ ದಶಕದಿಂದಲೇ ಬಿಎಸ್‌ಸಿ ಹುಡುಗರನ್ನು ಕೆಲಸಕ್ಕೆ ತೆಗೆದುಕೊಂಡು ಬಿಟ್ಸ್ ಪಿಲಾನಿಯ ಜೊತೆಗೂಡಿ ಓದಿಸಿ ಸ್ನಾತಕೋತ್ತರ ಪದವಿ ಕೊಡಿಸಿತು. ಎಂಜಿನಿಯರಿಂಗ್ ಫೀಸು ಕಟ್ಟಲಾರದ ಎಷ್ಟೋ ಮನೆಗಳಿಗೆ ಅದು ದಾರಿಯಾಯಿತು. ಸಣ್ಣ ಸಂಸ್ಥೆಯೂ ವರ್ಷಕ್ಕೆ ಇಬ್ಬರನ್ನು ಹೀಗೆ ಬೆಳೆಸಬಹುದು.

ಪರಿಸರದ ಮಾತಿಗೆ ಬಂದರೆ, ಸಲಹಾ ಸಂಸ್ಥೆಗೆ ಹೊಗೆಕೊಳವೆ ಇಲ್ಲ. ಅದರ ಹೊರೆ ಇರುವುದು ವಿಮಾನ ಪ್ರಯಾಣದಲ್ಲಿ, ಏಸಿಯ ವಿದ್ಯುತ್ತಿನಲ್ಲಿ, ರಿಂಗ್ ರಸ್ತೆಯಲ್ಲಿ ನಿಂತ ಕ್ಯಾಬುಗಳಲ್ಲಿ, ಮೂರೇ ವರ್ಷಕ್ಕೆ ಮೂಲೆಗೆಸೆಯುವ ಲ್ಯಾಪ್‌ಟಾಪಿನಲ್ಲಿ, ಟ್ಯಾಂಕರ್ ನೀರಿನಲ್ಲಿ. ಸರ್ಜಾಪುರ ರಸ್ತೆಯ ಆಸುಪಾಸಿನಲ್ಲಿ ಬಯೋಮ್ ಸಂಸ್ಥೆ ವಿಪ್ರೋದ ನೆರವಿನಿಂದ ನೆಲದಡಿಯ ನೀರಿನ ನಕ್ಷೆ ತೆಗೆಯುವ ಕೆಲಸ ಮಾಡಿತು. ಯಾವ ಬಾವಿ ತುಂಬುತ್ತದೆ, ಯಾವ ಬೋರ್‌ವೆಲ್ ಬತ್ತುತ್ತದೆ ಎಂದು ಊರಿನವರನ್ನೇ ಜೊತೆಗಿಟ್ಟುಕೊಂಡು ಗುರುತಿಸುವ ಕೆಲಸ. ಬಯೋಮ್ ಜೊತೆ ದುಡಿಯುವ ಮಣ್ಣುವಡ್ಡ ಸಮುದಾಯದವರು ತಲೆಮಾರುಗಳಿಂದ ಬಾವಿ ತೋಡಿದವರು. ಮಣ್ಣಿನ ಬಣ್ಣ ನೋಡಿ ನೀರು ಎಲ್ಲಿ ಇಂಗುತ್ತದೆ ಎಂದು ಹೇಳಬಲ್ಲರು. ಮೂರಡಿ ಅಗಲದ ಇಂಗುಬಾವಿ ಅವರ ಕೈಯಿಂದಲೇ ಆಗುತ್ತದೆ. ವರದಿಯಲ್ಲಿ ಪರಿಸರಕ್ಕೊಂದು ಅಧ್ಯಾಯ, ವೈವಿಧ್ಯಕ್ಕೊಂದು ಅಧ್ಯಾಯ ಬರೆಯುತ್ತೇವೆ. ಆ ಬಾವಿಯಲ್ಲಿ ಎರಡೂ ಕೂಡಿಯೇ ಇವೆ.

ಸಭೆಗೆ ಮುಂಚೆ ಒಬ್ಬರು ಯುವಕರು ಕೇಳಿದರು: ಸರ್, ನಮ್ಮದು ಹದಿನೈದು ಜನರ ಕಂಪನಿ, ಷೇರೆಲ್ಲ ಅಪ್ಪ ಅಮ್ಮನ ಹೆಸರಲ್ಲಿದೆ, ಎಲ್ಲಿಂದ ಶುರುಮಾಡಲಿ ಎಂದು. ಮೊದಲು ಅಪ್ಪ ಅಮ್ಮನ ಜೊತೆ ಕೂತು ಷೇರಿನ ಒಂದು ಪಾಲನ್ನು ಸಿಬ್ಬಂದಿಯ ಹೆಸರಿಗೆ ಟ್ರಸ್ಟಿನಲ್ಲಿಡಿ. ಆಡಿಟರಿಗೆ ಆ ದಾರಿ ಗೊತ್ತಿರುತ್ತದೆ. ನಿರ್ದೇಶಕ ಮಂಡಳಿಗೆ ಮನೆಯ ಹೊರಗಿನ ಒಬ್ಬರನ್ನು ತನ್ನಿ, ನಿಮಗೆ ಆಗುವುದಿಲ್ಲ ಎನ್ನುವ ಧೈರ್ಯ ಇರುವವರನ್ನು. ಅರವತ್ತು ಪ್ರತಿಶತದ ಸಾಲನ್ನು ಮಾತ್ರ ಯಾವ ಸಭೆಯನ್ನೂ ಕಾಯದೆ ನಾಳೆ ಬೆಳಿಗ್ಗೆಯೇ ತೆಗೆದುಹಾಕಿ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.