ಆರು ತಿಂಗಳು ಸಂಬಳ ಇಲ್ಲದೆ ಮ್ಯೂಸಿಯಂನಲ್ಲಿ: ಹೋಗ್ಬೇಕಾ, ಬೇಡ್ವಾ?

ಇವತ್ತು ಗೆಸ್ಟ್ ಯಾರೂ ಇಲ್ಲ, ನಾನೊಬ್ಬಳೇ. ಕಾರಣ ಒಂದು ವಾಯ್ಸ್ ನೋಟ್.

ಗದಗ ಕಡೆಯ ಒಬ್ಬ ಕೇಳುಗರು ಕಳಿಸಿದ್ದು. ಇತಿಹಾಸ ಓದಿ ಬಿಎ ಮುಗಿಸಿದ್ದಾರೆ. ಬೆಂಗಳೂರಿನ ಒಂದು ಮ್ಯೂಸಿಯಂನಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ. ಸ್ಟೈಪೆಂಡ್ ಇಲ್ಲ, ಕೊನೆಗೆ ಸರ್ಟಿಫಿಕೇಟ್ ಕೊಡ್ತಾರೆ. ಅವರಪ್ಪ, ‘ಸೊಸೈಟಿಯಲ್ಲಿ ಸಾಲ ತೆಗೀತೀನಿ, ನೀ ಹೋಗು’ ಅಂದಿದ್ದಾರಂತೆ. ಸೋಮವಾರದೊಳಗೆ ಉತ್ತರ ಹೇಳ್ಬೇಕು. ವಾಯ್ಸ್ ನೋಟ್ ಕೊನೆಗೆ ಕೇಳ್ತಾರೆ: “ಅಕ್ಕಾರ, ನೀವೂ ಮ್ಯೂಸಿಯಂದಾಗ ಕೆಲಸ ಮಾಡೀರಿ. ಹೋಗ್ಲೇನ್ರಿ, ಬ್ಯಾಡೇನ್ರಿ?”

ಹೌದು, ಮಾಡಿದ್ದೀನಿ. ಬಿಕಾಂ ಆದ್ಮೇಲೆ ಒಂದು ವರ್ಷ ಅಕೌಂಟ್ಸ್ ಕೆಲಸ ಮಾಡಿ, ಬೇಜಾರಾಗಿ ಬಿಟ್ಟು, ನಾಲ್ಕು ತಿಂಗಳು ಒಂದು ಮ್ಯೂಸಿಯಂನಲ್ಲಿ ವಾಲಂಟಿಯರ್ ಆಗಿದ್ದೆ. ಹೆಸರು ಬೇಡ. ಮೊದಲ ತಿಂಗಳು ನಾನು ಕಲಿತದ್ದು ಕುರ್ಚಿ ಜೋಡಿಸೋದು, ಶಾಲಾ ಮಕ್ಕಳ ತಲೆ ಎಣಿಸೋದು, ಕಾರ್ಯಕ್ರಮದ ದಿನ ಅತಿಥಿಗಳಿಗೆ ನೀರಿನ ಬಾಟಲಿ ಕೊಡೋದು. ಅದರಲ್ಲಿ ಅವಮಾನ ಏನಿಲ್ಲ. ಆದ್ರೆ ಅದನ್ನ ಕಲಿಯೋಕೆ ಮ್ಯೂಸಿಯಂಗೇ ಹೋಗ್ಬೇಕಾಗಿರಲಿಲ್ಲ, ನಮ್ಮ ಚಿಕ್ಕಪ್ಪನ ಮಗಳ ಮದುವೆಯಲ್ಲೇ ಕಲಿತಿದ್ದೆ.

ಎರಡನೇ ತಿಂಗಳು ಯಾರಿಗೋ ನಾನು ಬಿಕಾಂ ಅಂತ ಗೊತ್ತಾಯ್ತು. ‘ರಿಜಿಸ್ಟರ್ ಟ್ಯಾಲಿ ಮಾಡಕ್ಕೆ ಬರುತ್ತಾ?’ ಅಂದ್ರು. ಅಲ್ಲಿಂದ ನಿಜವಾದ ಕೆಲಸ ಶುರು.

ಮ್ಯೂಸಿಯಂಗೆ ಯಾವ ವಸ್ತು ಬಂದರೂ ಅದಕ್ಕೊಂದು ನಂಬರ್ ಕೊಟ್ಟು, ಅಕ್ಸೆಷನ್ ರಿಜಿಸ್ಟರ್ ಅನ್ನೋ ದಪ್ಪ ಪುಸ್ತಕದಲ್ಲಿ ಬರೀತಾರೆ. ಉದಾಹರಣೆಗೆ 1987.14.3 ಅಂತಿದ್ರೆ, 1987ರಲ್ಲಿ ಬಂದ 14ನೇ ಸಂಗ್ರಹದ ಮೂರನೇ ವಸ್ತು. ಎಲ್ಲಿಂದ ಬಂತು, ಯಾರು ಕೊಟ್ಟರು, ಅಳತೆ ಎಷ್ಟು, ಎಲ್ಲಿ ಒಡೆದಿದೆ, ಈಗ ಯಾವ ಕಪಾಟಿನಲ್ಲಿದೆ, ಎಲ್ಲ ದಾಖಲಾಗಬೇಕು. ಆ ನಂಬರ್ ಅಳಿಸಿಹೋದ್ರೆ ವಸ್ತು ಇದ್ರೂ ಅದರ ಕಥೆ ಹೋಯ್ತು. ಬರೀ ಒಂದು ಹಳೇ ಚೊಂಬು ಉಳಿಯುತ್ತೆ, ಅಷ್ಟೇ. ಕಾಮರ್ಸ್ ಓದಿದೋರಿಗೆ ಇದು ಸ್ಟಾಕ್ ಆಡಿಟ್. ಪುಸ್ತಕದಲ್ಲಿರೋದು ಕಪಾಟಿನಲ್ಲಿದೆಯಾ ನೋಡ್ಬೇಕು, ಕಪಾಟಿನಲ್ಲಿರೋದು ಪುಸ್ತಕದಲ್ಲಿದೆಯಾ ಅಂತಾನೂ ನೋಡ್ಬೇಕು. ಎರಡನೇದನ್ನ ತುಂಬ ಜನ ಮರೀತಾರೆ. ಪುಸ್ತಕದಲ್ಲಿ ‘ಹಿತ್ತಾಳೆ ದೀಪ, 2’ ಅಂತಿತ್ತು. ಕಪಾಟಿನಲ್ಲಿ ಒಂದೇ. ಎರಡು ದಿನ ನಿದ್ದೆ ಬರ್ಲಿಲ್ಲ ನಂಗೆ. ಇನ್ನೊಂದು ಸಾಹೇಬರ ರೂಮಲ್ಲಿ ಶೋಪೀಸ್ ಆಗಿತ್ತು!

ನನಗೆ ಕೈಹಿಡಿದು ಕಲಿಸಿದ್ದು ಮಾತ್ರ ಅಲ್ಲಿನ ಅಟೆಂಡರ್ ಒಬ್ಬರು. ಎತ್ತೋಕೆ ಮುಂಚೆ ಎಲ್ಲಿ ಇಡ್ತೀಯ ಅಂತ ನೋಡ್ಕೋ. ಹಿಡಿ ಹಿಡಿದು ಎತ್ತಬೇಡ, ಹಳೇ ಪಾತ್ರೆಯಲ್ಲಿ ಬೆಸುಗೆ ಬಿಡೋದೇ ಅಲ್ಲಿ; ಒಂದು ಕೈ ತಳದಲ್ಲಿರ್ಲಿ. ಸ್ಟೋರ್ ರೂಮಿಗೆ ಪೆನ್ ತರಬೇಡ, ಪೆನ್ಸಿಲ್ ಸಾಕು; ಇಂಕು ಬಿದ್ರೆ ಹೋಗಲ್ಲ. ಮೂವತ್ತು ವರ್ಷದ ವಿದ್ಯೆ ಅದು. ಅವರ ಹತ್ರ ಯಾವ ಸರ್ಟಿಫಿಕೇಟೂ ಇರ್ಲಿಲ್ಲ.

ನನಗೆ ಸಿಕ್ತು. ‘ಆಸಕ್ತಿಯಿಂದ ಸೇವೆ ಸಲ್ಲಿಸಿರುತ್ತಾರೆ’ ಅಂತ ಒಂದೇ ಸಾಲು. ಆಮೇಲೆ ಎರಡು ಕಡೆ ಇಂಟರ್‌ವ್ಯೂಗೆ ಹೋದೆ, ಅದನ್ನ ಯಾರೂ ತೆಗೆದು ನೋಡ್ಲಿಲ್ಲ. ‘ಎಷ್ಟು ವಸ್ತು ಡಾಕ್ಯುಮೆಂಟ್ ಮಾಡಿದ್ದೀರಿ? ಯಾವ ಸಾಫ್ಟ್‌ವೇರ್ ಗೊತ್ತು?’ ಅಂತ ಕೇಳಿದ್ರು. ಪುಣ್ಯಕ್ಕೆ ನನ್ನ ನೋಟ್‌ಬುಕ್‌ನಲ್ಲಿ ಲೆಕ್ಕ ಇತ್ತು, 340 ವಸ್ತು. ಸಾಫ್ಟ್‌ವೇರ್ ಮಾತ್ರ ಮುಟ್ಟೇ ಇರ್ಲಿಲ್ಲ. ಕೇಂದ್ರ ಸರ್ಕಾರದ ಮ್ಯೂಸಿಯಂಗಳಲ್ಲಿ ಸಿ-ಡ್ಯಾಕ್ ಮಾಡಿದ ‘ಜತನ್’ ಅನ್ನೋದನ್ನ ಬಳಸ್ತಾರೆ ಅಂತ ನನಗೆ ಗೊತ್ತಾಗಿದ್ದೇ ಆ ಇಂಟರ್‌ವ್ಯೂನಲ್ಲಿ.

ಇನ್ನೊಂದು ವಿಷಯ ನಾನು ಮುಚ್ಚಿಡಬಾರದು. ಆ ನಾಲ್ಕು ತಿಂಗಳು ನಾನು ಸಂಬಳ ಇಲ್ಲದೆ ಇರೋಕಾಗಿದ್ದು ಮನೆ ಬೆಂಗಳೂರಲ್ಲೇ ಇತ್ತು ಅಂತ. ಡಬ್ಬಿ ಅಮ್ಮ ಕಟ್ಟಿಕೊಡ್ತಿದ್ರು. ಗದಗದಿಂದ ಬರೋರಿಗೆ ಲೆಕ್ಕ ಬೇರೆ. ಪಿಜಿಗೆ ಊಟ ಸೇರಿ ತಿಂಗಳಿಗೆ 8,500 ಅಂತಿಟ್ಕೊಳ್ಳಿ. ಶಕ್ತಿ ಯೋಜನೆ ಇರೋದ್ರಿಂದ ಬಸ್ ಖರ್ಚಿಲ್ಲ. ಫೋನು, ಸೋಪು, ಜ್ವರ ಬಂದ್ರೆ ಮಾತ್ರೆ, ಸಂಜೆ ಒಂದು ಟೀ, ಎಲ್ಲ ಸೇರಿ 2,500. ಆಯ್ತಲ್ಲ, 11,000. ಆರು ತಿಂಗಳಿಗೆ 66,000. ಪಿಜಿ ಅಡ್ವಾನ್ಸು, ಸೊಸೈಟಿ ಬಡ್ಡಿ ಬೇರೆ. ಅಂದ್ರೆ ಇದು ‘ಫ್ರೀ’ ಇಂಟರ್ನ್‌ಶಿಪ್ ಅಲ್ಲ. ನಿಮ್ಮಪ್ಪ ಆ ಮ್ಯೂಸಿಯಂಗೆ 66,000 ರೂಪಾಯಿ ದೇಣಿಗೆ ಕೊಡ್ತಿದ್ದಾರೆ.

ಸಿಎ ಓದೋ ನನ್ನ ಫ್ರೆಂಡ್ಸ್ ಆರ್ಟಿಕಲ್‌ಶಿಪ್ ಸ್ಟೈಪೆಂಡ್ ಬಗ್ಗೆ ದಿನಾ ಗೊಣಗ್ತಾರೆ. ಆದ್ರೂ ಅಲ್ಲಿ ಕನಿಷ್ಠ ಇಷ್ಟು ಕೊಡ್ಬೇಕು ಅಂತ ಇನ್‌ಸ್ಟಿಟ್ಯೂಟ್‌ನ ನಿಯಮವೇ ಇದೆ.

ಹೊರದೇಶದಲ್ಲೂ ಈ ಜಗಳ ಮುಗಿದಿಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊದ ಆರ್ಟ್ ಮ್ಯೂಸಿಯಂ ನಿರ್ದೇಶಕರ ಸಂಘ 2019ರಲ್ಲಿ, ಇಂಟರ್ನ್‌ಗಳಿಗೆ ಹಣ ಕೊಡಿ ಅಂತ ಎಲ್ಲ ಮ್ಯೂಸಿಯಂಗಳಿಗೆ ಕರೆ ಕೊಡ್ತು. 2021ರಲ್ಲಿ ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೊ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಅಲ್ಲಿ ಡೋಸೆಂಟ್ ಅಂತ ಇದ್ರು, ಅಂದ್ರೆ ತರಬೇತಿ ಪಡೆದು ಸಂಬಳ ಇಲ್ಲದೆ ಗೈಡ್ ಕೆಲಸ ಮಾಡೋರು. ಪತ್ರ ಬರೆದು ಆ ವ್ಯವಸ್ಥೆಯನ್ನೇ ನಿಲ್ಲಿಸಿಬಿಟ್ರು. ಇನ್ಮೇಲೆ ಸಂಬಳ ಕೊಟ್ಟು ಜನ ಇಟ್ಕೊಳ್ತೀವಿ ಅಂದ್ರು. ದೊಡ್ಡ ಗಲಾಟೆ ಆಯ್ತು. ವರ್ಷಗಟ್ಟಲೆ ದುಡಿದೋರನ್ನ ಹಾಗೆ ಕಳಿಸಿದ್ದು ನನಗೂ ಸರಿ ಅನ್ನಿಸ್ಲಿಲ್ಲ. ಆದ್ರೆ ಸಂಬಳ ಇಲ್ಲದೆ ಕೆಲಸ ಮಾಡೋಕೆ ಯಾರಿಗೆ ಸಾಧ್ಯ, ಯಾರಿಗೆ ಆಗಲ್ಲ ಅನ್ನೋ ಪ್ರಶ್ನೆ ಸರಿಯಾದದ್ದೇ.

ಈಗ ಗದಗದ ತಂಗಿಗೆ. ಸಾಲ ಮಾಡಿ ಹೋಗ್ಬೇಡಿ. ಹಾಗಂತ ಮ್ಯೂಸಿಯಂ ಆಸೆ ಬಿಡಿ ಅಂತಲ್ಲ. ಸೋಮವಾರ ‘ಆಗಲ್ಲ’ ಅನ್ನೋಕೆ ಮುಂಚೆ ಒಂದು ಇಮೇಲ್ ಹಾಕಿ. ಯಾವ ವಿಭಾಗ, ಯಾರ ಕೈಕೆಳಗೆ, ವಾರಕ್ಕೆ ಎಷ್ಟು ಗಂಟೆ? ವಸ್ತುಗಳ ಡಾಕ್ಯುಮೆಂಟೇಶನ್ ಕಲಿಸ್ತೀರಾ? ಸರ್ಟಿಫಿಕೇಟ್‌ನಲ್ಲಿ ಮಾಡಿದ ಕೆಲಸ ವಿವರವಾಗಿ ಬರೀತೀರಾ? ಆರು ತಿಂಗಳ ಬದಲು ಎರಡು ತಿಂಗಳು ಆಗುತ್ತಾ, ವಸತಿಗೆ ಏನಾದ್ರೂ ಕೊಡೋಕಾಗುತ್ತಾ? ಕೇಳಿದ್ರೆ ತಪ್ಪು ತಿಳ್ಕೋತಾರೆ ಅಂತ ಹೆದರಬೇಡಿ. ನಾನು ಕೇಳಿರ್ಲಿಲ್ಲ, ಅದಕ್ಕೇ ಒಂದು ತಿಂಗಳು ಕುರ್ಚಿ ಜೋಡಿಸಿದೆ.

ಮತ್ತೆ, ಲಕ್ಕುಂಡಿ ನಿಮ್ಮ ಮನೆ ಬಾಗಿಲಲ್ಲೇ ಇದೆ. ಅಲ್ಲೂ ಶಿಲ್ಪಗಳ ಮ್ಯೂಸಿಯಂ ಇದೆ. ಅಲ್ಲಿನ ಅಧಿಕಾರಿಗಳ ಅನುಮತಿ ಕೇಳಿ, ಭಾನುವಾರ ಹೋಗಿ ಐದು ಶಿಲ್ಪ ಆರಿಸ್ಕೊಳ್ಳಿ. ಒಂದೊಂದಕ್ಕೂ ಅಳತೆ, ಸ್ಥಿತಿ, ಮೂಲ ಬರೆದು, ಏಳನೇ ಕ್ಲಾಸ್ ಹುಡುಗನಿಗೆ ಅರ್ಥ ಆಗೋ ಹಾಗೆ 60 ಪದದ ಲೇಬಲ್ ಬರೀರಿ. ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದ ಆತಕೂರು ಶಾಸನ ಗೊತ್ತಲ್ಲ, ಕಾಡುಹಂದಿ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಯ ಕಲ್ಲು? ‘10ನೇ ಶತಮಾನ, ರಾಷ್ಟ್ರಕೂಟರ ಕಾಲ’ ಅಂತ ಶುರು ಮಾಡಿದ್ರೆ ಮಕ್ಕಳು ಮುಂದೆ ಹೋಗಿಬಿಡ್ತಾರೆ. ನಾಯಿಯಿಂದ ಶುರು ಮಾಡಿದ್ರೆ ನಿಲ್ತಾರೆ. ಆ ಥರ ಐದು ಲೇಬಲ್ ಕೈಲಿದ್ರೆ ನನ್ನ ಒಂದು ಸಾಲಿನ ಸರ್ಟಿಫಿಕೇಟ್‌ಗಿಂತ ತೂಕ ಜಾಸ್ತಿ. ಸಾಲ ಮಾಡಲೇಬೇಕು ಅಂದ್ರೆ ಕೋರ್ಸ್‌ಗೆ ಮಾಡಿ. ಬರೋಡಾದ ಎಂಎಸ್ ಯೂನಿವರ್ಸಿಟಿಯಲ್ಲಿ 1952ರಿಂದ ಮ್ಯೂಸಿಯಾಲಜಿ ಕಲಿಸ್ತಿದ್ದಾರೆ.

ಇಮೇಲ್ ಇವತ್ತೇ ರಾತ್ರಿ ಹಾಕಿ. ಅವರು ಏನಂದ್ರು ಅಂತ ವಾಯ್ಸ್ ನೋಟ್ ಕಳಿಸಿ. ನೀವು ಒಪ್ಪಿದ್ರೆ ಮುಂದಿನ ವಾರ ಇಲ್ಲೇ ಕೇಳಿಸ್ತೀನಿ.