ಉಪಗ್ರಹದ ಒಂದು ಚೌಕಕ್ಕೆ ಎಷ್ಟು ಗುಂಟೆ?



ಉಪಗ್ರಹ ಚಿತ್ರವೆಂಬುದು ವಾಸ್ತವದಲ್ಲಿ ಚೌಕಗಳ ಲೆಕ್ಕ. ಸಂವೇದಕವು ನೆಲವನ್ನು ಸಮನಾದ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದರಿಂದ ಪ್ರತಿಫಲಿಸಿದ ಬೆಳಕನ್ನು ಸಂಖ್ಯೆಯಾಗಿ ದಾಖಲಿಸುತ್ತದೆ. ಒಂದೇ ಚೌಕದೊಳಗೆ ಮನೆ, ಹಳ್ಳ, ಅಡಿಕೆ ಮರ ಎಲ್ಲವೂ ಇದ್ದರೆ ದೊರೆಯುವುದು ಅವುಗಳ ಬೆರಕೆ ಸಂಖ್ಯೆ ಮಾತ್ರ. ಆ ಚೌಕದ ಅಳತೆಯನ್ನೇ ಸ್ಥಾನಿಕ ಪೃಥಕ್ಕರಣ ಎನ್ನುವರು.

ಇದನ್ನು ಗುಂಟೆಯಲ್ಲಿ ಹೇಳಿದರೆ ಮಲೆನಾಡಿಗೆ ಬೇಗ ತಿಳಿದೀತು. 1972ರಲ್ಲಿ ಅಮೆರಿಕ ಹಾರಿಸಿದ ಮೊದಲ ಲ್ಯಾಂಡ್‌ಸ್ಯಾಟ್‌ನ ಚೌಕ ಸುಮಾರು 80 ಮೀಟರ್. ಒಂದೂವರೆ ಎಕರೆಗೂ ಮಿಗಿಲು. ಇಡೀ ತೋಟವೇ ಅದರಲ್ಲಿ ಕರಗಿಹೋಗುತ್ತಿತ್ತು! 1995ರ ಭಾರತದ ಐಆರ್‌ಎಸ್-1ಸಿ ಉಪಗ್ರಹದ ಲಿಸ್-3 ಸಂವೇದಕದ್ದು 23.5 ಮೀಟರ್, ಅಂದರೆ ಸುಮಾರು ಐದೂವರೆ ಗುಂಟೆ. 2015ರ ಯುರೋಪಿನ ಸೆಂಟಿನೆಲ್-2ರದು 10 ಮೀಟರ್, ಹೆಚ್ಚುಕಡಿಮೆ ಒಂದು ಗುಂಟೆ. 2019ರ ಕಾರ್ಟೊಸ್ಯಾಟ್-3ರ ಕಪ್ಪುಬಿಳುಪು ಚಿತ್ರದಲ್ಲಿ ಅಂಗಳದ ತುಳಸಿಕಟ್ಟೆಯೂ ಚುಕ್ಕೆಯಾಗಿ ಕಂಡೀತು.

ಆದರೆ ಚೌಕ ಕಿರಿದಾದಷ್ಟೂ ಒಮ್ಮೆಗೆ ನೋಡುವ ಪಟ್ಟಿಯೂ ಕಿರಿದಾಗುತ್ತದೆ. ಮಳೆಗಾಲದ ಮೋಡದೆದುರು ಬೆಳಕನ್ನು ಅವಲಂಬಿಸಿದ ಎಲ್ಲ ಸಂವೇದಕಗಳೂ ಕುರುಡೇ.

ಇನ್ನೊಂದು ಮಾತು. ಚೌಕ ಕಿರಿದಾದ ಮಾತ್ರಕ್ಕೆ ಕಾಡು ಯಾವುದೆಂದು ತಿಳಿಯದು. ಭಾರತೀಯ ಅರಣ್ಯ ಸರ್ವೇಕ್ಷಣೆಯ ವ್ಯಾಖ್ಯೆಯಂತೆ, ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇಕಡಾ 10ರಷ್ಟಾದರೂ ಮರಗಳ ನೆತ್ತಿ ಹರಡಿದ ಭೂಮಿಯೆಲ್ಲ ಅರಣ್ಯ ಹೊದಿಕೆಯೇ. ಮಾಲೀಕತ್ವವಾಗಲಿ ಮರದ ಜಾತಿಯಾಗಲಿ ಲೆಕ್ಕಕ್ಕಿಲ್ಲ. ಹೀಗಾಗಿ ನೆರಳುಮರಗಳ ಕಾಫಿ ತೋಟ, ಅಕೇಶಿಯಾ ನೆಡುತೋಪು, ಶೋಲಾ ಕಾಡು ಮೂರೂ ಒಂದೇ ಮೊತ್ತದಲ್ಲಿ ಸೇರುತ್ತವೆ. ಇದು ಉಪಗ್ರಹದ ದೋಷವಲ್ಲ, ವ್ಯಾಖ್ಯೆಯದು.

ಪಶ್ಚಿಮಘಟ್ಟದ ವಿವಾದದಲ್ಲಿ ಇದರ ತೂಕ ಕಂಡುಬಂದಿತು. 2011ರ ಗಾಡ್ಗೀಳ್ ಸಮಿತಿ ಘಟ್ಟವನ್ನು ಸುಮಾರು 9 ಕಿಲೋಮೀಟರ್ ಚೌಕಗಳಾಗಿ ವಿಂಗಡಿಸಿ ಅಂಕ ನೀಡಿತು. 2013ರ ಕಸ್ತೂರಿರಂಗನ್ ಸಮಿತಿ ಸುಮಾರು 24 ಮೀಟರಿನ ಚಿತ್ರಗಳನ್ನು ಬಳಸಿ, ಸಹಜ ಅರಣ್ಯವನ್ನೂ ಊರು, ಗದ್ದೆ, ತೋಟಗಳನ್ನೂ ಬೇರ್ಪಡಿಸಲು ಯತ್ನಿಸಿತು. ಸೂಕ್ಷ್ಮತೆಯಲ್ಲಿ ಅದು ದೊಡ್ಡ ಜಿಗಿತವೇ ಸರಿ. ಆದರೆ ನಿರ್ಧಾರದ ಘಟಕವಾಗಿ ಆರಿಸಿದ್ದು ಗ್ರಾಮವನ್ನು. ಶೇಕಡಾ 20 ಅಥವಾ ಹೆಚ್ಚು ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮವೇ ಪರಿಸರಸೂಕ್ಷ್ಮ ಪ್ರದೇಶದ ಪಟ್ಟಿಗೆ ಸೇರಿತು. ಐದೂವರೆ ಗುಂಟೆಯ ವಿವರ ಅಲ್ಲಿಗೆ ಅಳಿಸಿತು. ಕಾಡಿನ ಹಿತ ಬಯಸುವವರೂ ಈ ಅಂಶವನ್ನು ಮರೆಮಾಚಬಾರದು; ತನ್ನ ತೋಟವೇಕೆ ಪಟ್ಟಿಯಲ್ಲಿದೆಯೆಂದು ಕೇಳುವ ಕೃಷಿಕನಿಗೆ ನಕ್ಷೆಯೇ ಉತ್ತರವಾಗಬೇಕಿತ್ತು.

ನಕ್ಷೆಯೊಂದು ಊರಿಗೆ ಬಂದಾಗ ಗ್ರಾಮಸಭೆ ಕೇಳಬೇಕಾದುದಿಷ್ಟು: ಚಿತ್ರ ಯಾವ ಸಂವೇದಕದ್ದು, ಯಾವ ತಿಂಗಳದ್ದು, ಚೌಕ ಎಷ್ಟು ಮೀಟರಿನದು, ನೆಲದ ಮೇಲೆ ಎಷ್ಟು ಕಡೆ ತಾಳೆ ನೋಡಲಾಗಿದೆ. ಆ ತಾಳೆಯ ಕೆಲಸವನ್ನು ಸರ್ವೆ ನಂಬರಿನ ನಕ್ಷೆ, ಜಿಪಿಎಸ್ ಹಿಡಿದ ಊರಿನ ವಿದ್ಯಾರ್ಥಿಗಳೇ ಒಂದು ಬೇಸಿಗೆಯಲ್ಲಿ ಮಾಡಬಲ್ಲರು.