ಪ್ರೊಪೆಲ್ಲರ್ ಇಲ್ಲದ ಹಳದಿ ಮೀನು

(ಯುವಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮುದ್ರದಿಂದ ಹತ್ತಿರ ಹತ್ತಿರ 300 ಕಿಲೋಮೀಟರ್ ದೂರದಲ್ಲಿ ಕೂತಿರುವ ಬೆಂಗಳೂರಿನ ಹುಡುಗರಿಗೆ ನೀರೊಳಗಿನ ಯಂತ್ರದ ಕತೆ ಯಾಕಪ್ಪಾ ಎಂದು ನಿಮ್ಮಲ್ಲಿ ಕೆಲವರು ಆಗಲೇ ಗೊಣಗುತ್ತಿರಬಹುದು. ಗೊಣಗಿ, ಪರವಾಗಿಲ್ಲ. ಆದರೆ ಮಧ್ಯದಲ್ಲಿ ಎದ್ದು ಹೋಗಬೇಡಿ. ನಮ್ಮ ಮಳೆಯ ಮಾತು ಕೊನೆಗೆ ಬರುತ್ತದೆ.

2009ರ ಡಿಸೆಂಬರ್ 4. ಸ್ಪೇನ್ ದೇಶದ ಕರಾವಳಿಯಿಂದಾಚೆ ಒಂದು ಹಡಗು ನೀರಿನಲ್ಲಿ ಏನನ್ನೋ ಹುಡುಕುತ್ತಿತ್ತು. ಸಿಕ್ಕಿದ್ದು ಒಂದು ಹಳದಿ ಕೊಳವೆ. ಉದ್ದ ಎರಡೂವರೆ ಮೀಟರಿಗೂ ಸ್ವಲ್ಪ ಕಡಿಮೆ, ಎರಡು ಕಡೆ ಎರಡು ಪುಟ್ಟ ರೆಕ್ಕೆ, ಹಿಂದೆ ಒಂದು ಬಾಲ. ಒಳಗೆ ಮನುಷ್ಯರಿಲ್ಲ, ಹೊರಗೆ ಪ್ರೊಪೆಲ್ಲರ್ ಇಲ್ಲ. ಆ ವರ್ಷದ ಏಪ್ರಿಲ್ 27ರಂದು ಅಮೆರಿಕದ ನ್ಯೂಜೆರ್ಸಿ ತೀರದಲ್ಲಿ ನೀರಿಗೆ ಬಿಟ್ಟ ಈ ಯಂತ್ರ 221 ದಿನ ಒಂಟಿಯಾಗಿ ಸಾಗಿ, ಸುಮಾರು 7,400 ಕಿಲೋಮೀಟರ್ ಕ್ರಮಿಸಿ, ಅಟ್ಲಾಂಟಿಕ್ ಸಾಗರವನ್ನೇ ದಾಟಿತ್ತು. ಸಾಗರ ದಾಟಿದ ಮೊದಲ ನೀರೊಳಗಿನ ರೋಬೋ ಅದು. ಹೆಸರು ಸ್ಕಾರ್ಲೆಟ್ ನೈಟ್. ಅದನ್ನು ಕೊಂಡೊಯ್ದ ಊರು ಬಯೋನಾ. ಕೊಲಂಬಸ್‌ನ ಪಿಂಟಾ ಹಡಗು 1493ರಲ್ಲಿ ಅಮೆರಿಕದಿಂದ ವಾಪಸು ಬಂದು ತಲುಪಿದ ಊರೂ ಅದೇ.

ಇದನ್ನು ನಡೆಸಿದವರು ಯಾರು? ನೌಕಾಪಡೆಯಲ್ಲ, ದೊಡ್ಡ ಕಂಪನಿಯಲ್ಲ. ರಟ್ಗರ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ನಿಮ್ಮ ವಯಸ್ಸಿನವರು, ಪದವಿ ತರಗತಿಯ ಹುಡುಗ ಹುಡುಗಿಯರು. ಸ್ಕಾಟ್ ಗ್ಲೆನ್, ಆಸ್ಕರ್ ಸ್ಕೋಫೀಲ್ಡ್ ಎಂಬ ಪ್ರಾಧ್ಯಾಪಕರು ಮತ್ತು ಅವರ ತಂಡ ಜೊತೆಗಿದ್ದರು. ಆದರೆ ಉಪಗ್ರಹದ ಚಿತ್ರ ನೋಡಿ, ಯಾವ ಪ್ರವಾಹ ಎತ್ತ ಹರಿಯುತ್ತಿದೆ ಎಂದು ಲೆಕ್ಕ ಹಾಕಿ, ಮುಂದೆ ಯಾವ ದಿಕ್ಕಿಗೆ ಹೋಗಬೇಕೆಂದು ತಲೆ ಕೆಡಿಸಿಕೊಂಡವರಲ್ಲಿ ಈ ಹುಡುಗರೂ ಇದ್ದರು. ಅದೇ ಅವರ ಪಾಠ. ನಮ್ಮಲ್ಲಿ ಪ್ರಾಜೆಕ್ಟ್ ಅಂದರೆ ಅಂಗಡಿಗೆ ದುಡ್ಡು ಕೊಟ್ಟು ತರುವ ರೆಕ್ಸಿನ್ ರಟ್ಟಿನ ಪುಸ್ತಕ. ನಗಬೇಡಿ, ಇಲ್ಲಿ ತಂದವರು ಎಷ್ಟು ಜನ ಇದ್ದೀರಿ ಅಂತ ನಾನು ಕೈ ಎತ್ತಿಸುವುದಿಲ್ಲ.

ಮೊದಲ ಸಲಕ್ಕೇ ಗೆದ್ದರೇ? ಇಲ್ಲ. ಅಟ್ಲಾಂಟಿಕ್ ದಾಟಿಸಿ ನೋಡೋಣ ಎಂದು 2006ರಲ್ಲಿ ಸವಾಲು ಹಾಕಿದ್ದು ಅಮೆರಿಕದ ಸಾಗರ ಮತ್ತು ವಾಯುಮಂಡಲ ಇಲಾಖೆಯ ರಿಚರ್ಡ್ ಸ್ಪಿನ್ರಾಡ್. ಇದಕ್ಕೆ ಮುಂಚೆ 2008ರಲ್ಲಿ ಇನ್ನೊಂದು ಗ್ಲೈಡರ್ ಕಳಿಸಿದ್ದರು. ಅದು ತಿಂಗಳುಗಟ್ಟಲೆ ಸಾಗಿ, ಅಜೋರ್ಸ್ ದ್ವೀಪಗಳ ಹತ್ತಿರ ಬಂದು, ಒಂದು ದಿನ ಮಾತು ನಿಲ್ಲಿಸಿತು. ಅಷ್ಟೇ. ಮತ್ತೆ ಸಿಗಲಿಲ್ಲ. ಎರಡನೆಯದನ್ನೂ ಕಷ್ಟ ಬಿಡಲಿಲ್ಲ. ಅರ್ಧ ದಾರಿ ದಾಟುವಷ್ಟರಲ್ಲಿ ಅದರ ಮೈಗೆ ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳು ಕಚ್ಚಿಕೊಂಡು ಬೆಳೆದವು. ಯಂತ್ರ ಕುಂಟತೊಡಗಿತು. ಆಗ ತಂಡದವರು ಅಜೋರ್ಸ್‌ನಿಂದ ದೋಣಿ ಕಟ್ಟಿಕೊಂಡು ಹೋಗಿ, ನಡುಸಮುದ್ರಕ್ಕೆ ಹಾರಿ, ಗ್ಲೈಡರನ್ನು ನೀರಿನಿಂದ ಎತ್ತದೆ ಅಲ್ಲೇ ಮೈ ಉಜ್ಜಿ ಕಳಿಸಿದರು. ಎಮ್ಮೆ ಮೈ ತೊಳೆದ ಹಾಗೆ!

ಈಗ ಅಸಲಿ ಪ್ರಶ್ನೆ. ಪ್ರೊಪೆಲ್ಲರ್ ಇಲ್ಲದೆ ಅದು ಚಲಿಸುವುದು ಹೇಗೆ? ಇದು ಗೊತ್ತಾದರೆ ನಿಮಗೆ ಆ ಯಂತ್ರದ ಮೇಲೆ ಪ್ರೀತಿ ಹುಟ್ಟುತ್ತದೆ, ನನಗೆ ಹುಟ್ಟಿದ್ದು ಹಾಗೇ. ಮೂತಿಯಲ್ಲಿ ಒಂದು ಪಿಸ್ಟನ್ ಇದೆ. ಅದು ಸುಮಾರು ಅರ್ಧ ಲೀಟರ್ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅಷ್ಟಕ್ಕೇ ಯಂತ್ರ ಸುತ್ತಲಿನ ನೀರಿಗಿಂತ ಒಂದಿಷ್ಟು ಭಾರವಾಗಿ ಮುಳುಗತೊಡಗುತ್ತದೆ. ರೆಕ್ಕೆಗಳಿರುವುದರಿಂದ ನೆಟ್ಟಗೆ ಮುಳುಗದೆ ಓರೆಯಾಗಿ ಮುಂದಕ್ಕೆ ಜಾರುತ್ತದೆ. ಮರದಿಂದ ಉದುರಿದ ಎಲೆ ಗಾಳಿಯಲ್ಲಿ ಜಾರುತ್ತದಲ್ಲ, ಹಾಗೆ. 200 ಮೀಟರ್ ಆಳ ಮುಟ್ಟಿದ ಮೇಲೆ ನೀರನ್ನು ಹೊರಗೆ ತಳ್ಳುತ್ತದೆ. ಹಗುರಾಗುತ್ತದೆ, ಮತ್ತೆ ಓರೆಯಾಗಿ ಮೇಲೇರುತ್ತದೆ. ಮೂತಿಯನ್ನು ಕೆಳಗೆ ಮೇಲೆ ಮಾಡಲು ಹೊಟ್ಟೆಯೊಳಗಿನ ಬ್ಯಾಟರಿಯನ್ನೇ ಹಿಂದೆ ಮುಂದೆ ಸರಿಸುತ್ತದೆ. ವೇಗ? ಗಂಟೆಗೆ ಒಂದು ಕಿಲೋಮೀಟರಿನ ಆಸುಪಾಸು. ನಮ್ಮ ಸಂಜೆಯ ಟ್ರಾಫಿಕ್ಕೇ ವಾಸಿ! ಆದರೆ ಈ ಆಮೆ ನಡಿಗೆಯೇ ಅದರ ಬಲ. ಬ್ಯಾಟರಿ ಖರ್ಚಾಗುವುದು ಬಹುಮಟ್ಟಿಗೆ ತಿರುವುಗಳಲ್ಲಿ ಮಾತ್ರ. ಹಾಗಾಗಿ ಅದು ತಿಂಗಳುಗಟ್ಟಲೆ ಸಮುದ್ರದಲ್ಲಿ ಇರಬಲ್ಲದು. ಯಾವ ಹಡಗಿಗೆ ಅಷ್ಟು ದಿನ ಒಂದೇ ಕೆಲಸಕ್ಕೆ ಡೀಸೆಲ್ ಸುರಿಯುತ್ತೀರಿ?

ನೀರೊಳಗೆ ರೇಡಿಯೋ ಸಿಗುವುದಿಲ್ಲ, ಉಪಗ್ರಹ ಸಿಗುವುದಿಲ್ಲ. ಅಲ್ಲಿರುವಷ್ಟು ಹೊತ್ತು ಅದಕ್ಕೆ ಯಾರ ಅಪ್ಪಣೆಯೂ ಇಲ್ಲ. ದಿಕ್ಸೂಚಿ, ಆಳ, ಮೈಯ ಓರೆ ಇಷ್ಟನ್ನೇ ಹಿಡಿದು ತಾನು ಎಲ್ಲಿದ್ದೇನೆಂದು ತಾನೇ ಅಂದಾಜು ಮಾಡುತ್ತದೆ. ಕೆಲವು ಗಂಟೆಗೊಮ್ಮೆ ಮೇಲೆ ಬಂದು ಬಾಲ ಎತ್ತುತ್ತದೆ. ಆಂಟೆನಾ ಇರುವುದು ಬಾಲದಲ್ಲಿ. ಉಪಗ್ರಹದ ಮೂಲಕ ಮನೆಗೆ ಫೋನು ಮಾಡಿ, ಅಳೆದ ಉಷ್ಣತೆ, ಉಪ್ಪಿನಂಶ ಎಲ್ಲ ಒಪ್ಪಿಸಿ, ಹೊಸ ಆಜ್ಞೆ ಪಡೆದು ಮತ್ತೆ ಮುಳುಗುತ್ತದೆ. ಇಲ್ಲೊಂದು ಚಂದದ ವಿಷಯ ಇದೆ. ತಾನು ಇಲ್ಲಿದ್ದೇನೆ ಅಂದುಕೊಂಡ ಜಾಗಕ್ಕೂ ನಿಜವಾಗಿ ಎದ್ದ ಜಾಗಕ್ಕೂ ವ್ಯತ್ಯಾಸ ಇರುತ್ತದಲ್ಲ, ಆ ವ್ಯತ್ಯಾಸ ಆದದ್ದು ಪ್ರವಾಹ ಅದನ್ನು ತಳ್ಳಿದ್ದರಿಂದ. ಅಂದರೆ ಅದು ದಾರಿ ತಪ್ಪಿದ್ದನ್ನೇ ಅಳೆದು ಸಾಗರದ ಪ್ರವಾಹವನ್ನು ಲೆಕ್ಕ ಹಾಕಬಹುದು!

ಈ ಯಂತ್ರದ ಕಲ್ಪನೆ ಡಗ್ ವೆಬ್ ಎಂಬ ಎಂಜಿನಿಯರದು. ಅದನ್ನು ಜಗತ್ತಿಗೆ ಹೇಳಿದವನು ಹೆನ್ರಿ ಸ್ಟಾಮೆಲ್. ಆ ಶತಮಾನದ ಅತಿ ದೊಡ್ಡ ಸಾಗರ ವಿಜ್ಞಾನಿಗಳಲ್ಲಿ ಒಬ್ಬ, ಆದರೆ ಡಾಕ್ಟರೇಟ್ ಓದಿ ಮಾಡಿಕೊಂಡವನಲ್ಲ. 1989ರಲ್ಲಿ ಅವನು ಒಂದು ವಿಜ್ಞಾನ ಪತ್ರಿಕೆಯಲ್ಲಿ ಬರೆದದ್ದು ಪ್ರಬಂಧವಲ್ಲ, ಕತೆ. 2021ರಲ್ಲಿ ಕೂತು ಹಿಂದಿರುಗಿ ನೋಡುತ್ತಿರುವ ಹಾಗೆ ಬರೆದ ಕತೆ. ಅದರಲ್ಲಿ ನೂರಾರು ಗ್ಲೈಡರ್‌ಗಳು ಸಾಗರಗಳಲ್ಲಿ ಓಡಾಡುತ್ತ ಸುದ್ದಿ ಕಳಿಸುತ್ತಿರುತ್ತವೆ. ಅವಕ್ಕೆ ಇಟ್ಟ ಹೆಸರು ಸ್ಲೋಕಮ್. ಹಾಯಿದೋಣಿಯಲ್ಲಿ ಒಬ್ಬನೇ ಭೂಮಿ ಸುತ್ತಿ 1898ರಲ್ಲಿ ಮನೆ ಸೇರಿದ ಜೋಶುವಾ ಸ್ಲೋಕಮ್ ನೆನಪಿಗೆ. ಸ್ಟಾಮೆಲ್ 1992ರಲ್ಲಿ ತೀರಿಕೊಂಡ. 1991ರಲ್ಲಿ ವೆಬ್ ಮೊದಲ ಮಾದರಿಗಳನ್ನು ಫ್ಲಾರಿಡಾದ ಒಂದು ಚಿಲುಮೆಯಲ್ಲಿ, ಆಮೇಲೆ ನ್ಯೂಯಾರ್ಕ್ ರಾಜ್ಯದ ಒಂದು ಸರೋವರದಲ್ಲಿ ಪರೀಕ್ಷಿಸಿದ್ದರು. ಅಷ್ಟನ್ನಾದರೂ ಕಾಣುವ ಹೊತ್ತಿಗೆ ಸ್ಟಾಮೆಲ್ ಬದುಕಿದ್ದ ಎನ್ನುವುದು ನನಗೆ ಸಮಾಧಾನ.

ಉಪಯೋಗ ಏನು ಅಂತೀರಾ? 2011ರ ಆಗಸ್ಟ್‌ನಲ್ಲಿ ರಟ್ಗರ್ಸ್‌ನ ಒಂದು ಗ್ಲೈಡರ್ ನ್ಯೂಜೆರ್ಸಿ ಕರಾವಳಿಯ ನೀರಿನಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುತ್ತ ತನ್ನ ಪಾಡಿಗೆ ಹೋಗುತ್ತಿತ್ತು. ಆಮ್ಲಜನಕ ಕಡಿಮೆಯಾದರೆ ಮೀನು ಏಡಿ ಉಸಿರುಗಟ್ಟಿ ಸಾಯುತ್ತವೆ. ಅಷ್ಟರಲ್ಲಿ ಐರೀನ್ ಚಂಡಮಾರುತ ಬಂತು. ಹಡಗುಗಳೆಲ್ಲ ಬಂದರಿಗೆ ಓಡಿದವು, ಗ್ಲೈಡರ್ ಅಲ್ಲೇ ಉಳಿಯಿತು. ಅದು ಕಳಿಸಿದ ಲೆಕ್ಕದಿಂದ ಒಂದು ಗುಟ್ಟು ಬಯಲಾಯಿತು. ಬೇಸಿಗೆಯಲ್ಲಿ ಅಲ್ಲಿ ಮೇಲೆ ಬಿಸಿ ನೀರು, ತಳದಲ್ಲಿ ಕೊರೆಯುವ ತಣ್ಣೀರು. ಚಂಡಮಾರುತದ ಕಣ್ಣು ಬರುವ ಮುಂಚೆಯೇ ಗಾಳಿ ಎರಡನ್ನೂ ಕಲಕಿಬಿಟ್ಟಿತ್ತು. ಮೇಲ್ಮೈ 6ರಿಂದ 11 ಡಿಗ್ರಿಯಷ್ಟು ತಣಿದಿತ್ತು. ಬಿಸಿ ನೀರೇ ಚಂಡಮಾರುತದ ಕೂಳು. ಕೂಳಿಲ್ಲದೆ ಐರೀನ್ ಸೊರಗಿತು. ಅದರ ದಾರಿಯನ್ನು ಸರಿಯಾಗಿ ಹೇಳಿದ್ದ ಮುನ್ಸೂಚನೆ ಬಲವನ್ನು ಮಾತ್ರ ಹೆಚ್ಚು ಹೇಳಿತ್ತು. ಯಾಕೆ ಅನ್ನುವುದು ಆಮೇಲೆ ತಿಳಿಯಿತು.

ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ, ಮುಚ್ಚಿಡಬಾರದು. 2016ರ ಡಿಸೆಂಬರ್‌ನಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಅಮೆರಿಕದ ನೌಕಾಪಡೆಗೆ ಸೇರಿದ ಇಂಥದೇ ಒಂದು ಗ್ಲೈಡರನ್ನು ಚೀನಾ ಎತ್ತಿಕೊಂಡು ಹೋಯಿತು. ಐದು ದಿನ ಗಲಾಟೆಯಾಗಿ ಕೊನೆಗೆ ಹಿಂದಿರುಗಿಸಿತು. ಉಪ್ಪು, ಉಷ್ಣತೆ ಗೊತ್ತಾದರೆ ನೀರಿನಲ್ಲಿ ಶಬ್ದ ಹೇಗೆ ಹರಿಯುತ್ತದೆಂದು ಗೊತ್ತಾಗುತ್ತದೆ. ಅದು ಗೊತ್ತಾದರೆ ಸಬ್‌ಮರೀನ್ ಎಲ್ಲಿ ಅಡಗಬಹುದೆಂಬುದೂ ಗೊತ್ತಾಗುತ್ತದೆ. ಮೀನಿನ ಉಸಿರು ಅಳೆಯುವ ಯಂತ್ರವೇ ಯುದ್ಧದ ಯಂತ್ರ. ಅದು ಯಾರ ಕೈಯಲ್ಲಿದೆ, ಅಳೆದದ್ದನ್ನು ಯಾರಿಗೆ ತೋರಿಸುತ್ತಾರೆ ಎಂದು ಕೇಳುವ ಹಕ್ಕು ನಮಗೂ ಇದೆ.

ಸರಿ, ನಮ್ಮ ಮಳೆಗೆ ಬರೋಣ. "ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ" ಎಂದು ವಾರ್ತೆಯಲ್ಲಿ ಕೇಳುತ್ತಲೇ ಬೆಳೆದವರು ನಾವು. ಆ ಕೊಲ್ಲಿಯ ಒಳಗೆ ಏನು ನಡೆಯುತ್ತದೆಂದು ನೋಡಲು 2016ರ ಜೂನ್, ಜುಲೈ ತಿಂಗಳಲ್ಲಿ, ನಡು ಮಳೆಗಾಲದಲ್ಲೇ ಸಿಂಧು ಸಾಧನ ಎಂಬ ನಮ್ಮ ದೇಶದ ಸಂಶೋಧನಾ ಹಡಗು ಹೋಯಿತು. ಮುಂದೆ ನಿಂತವರು ಇಲ್ಲೇ, ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಎನ್. ವಿನಯಚಂದ್ರನ್ ಮತ್ತು ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರು. ಶ್ರೀಲಂಕಾದ ಪೂರ್ವಕ್ಕೆ, 8 ಡಿಗ್ರಿ ಉತ್ತರ ಅಕ್ಷಾಂಶದ ಉದ್ದಕ್ಕೆ ಐದು ಗ್ಲೈಡರ್‌ಗಳನ್ನು ಬಿಟ್ಟರು. ಅವರು ಹೋದದ್ದು ಮಳೆ ಬಿಡುವು ಕೊಟ್ಟಿದ್ದ ದಿನಗಳಲ್ಲಿ. ಆದರೆ ಸಮುದ್ರ ಬಿಡುವಾಗಿರಲಿಲ್ಲ. ಮೇಲಿನ ಪದರ ದಿನೇ ದಿನೇ ಬಿಸಿಯಾಗುತ್ತ, ಮೇಲಿನ ಗಾಳಿಯನ್ನು ಮುಂದಿನ ಮಳೆಗೆ ಹದ ಮಾಡುತ್ತಿತ್ತು. ಎರಡು ಸಲ ಉಪ್ಪು ಕಡಿಮೆಯಾದ ಹಗುರ ನೀರು ಮೇಲೆ ಬಂದು ಮುಚ್ಚಳದಂತೆ ಕೂತು, ಅಡಿಯ ನೀರು ಮೇಲಿನದರೊಂದಿಗೆ ಬೆರೆಯದಂತೆ ತಡೆದದ್ದೂ ಕಂಡಿತು. ನಮ್ಮ ರೈತ ಬಿತ್ತನೆ ಬೀಜ ಹಿಡಿದು ಆಕಾಶ ನೋಡುವ ಹೊತ್ತಿಗೆ, ಅವನ ಮುಂದಿನ ಮಳೆಗೆ ಬೇಕಾದ ಬಿಸಿ ಅಲ್ಲಿ ಕೂಡುತ್ತಿರುತ್ತದೆ. ಮುಂದಿನ ಮಳೆ ಯಾವಾಗ ಎಂದು ಅವನಿಗೆ ವಾರ ಮುಂಚೆ ಸರಿಯಾಗಿ ಹೇಳಬೇಕಾದರೆ ಇಂಥ ಲೆಕ್ಕ ಒಂದು ತಿಂಗಳದ್ದು ಸಾಲದು, ವರ್ಷ ವರ್ಷವೂ ಬೇಕು. ಗ್ಲೈಡರ್ ಕಟ್ಟುವವರು, ರಿಪೇರಿ ಮಾಡುವವರು, ರಾತ್ರಿ ಎದ್ದು ಅದರ ಫೋನು ಎತ್ತುವವರು ಬೇಕು. ಈ ಕೆಲಸಕ್ಕೆ ಬೇಕಾದ ಗಣಿತ, ಎಲೆಕ್ಟ್ರಾನಿಕ್ಸ್ ಓದುತ್ತಿರುವವರು ಈ ಸಭೆಯಲ್ಲೇ ಇದ್ದೀರಿ. ನಿಮ್ಮ ಕಾಲೇಜಿನಿಂದ ಆ ಸಂಸ್ಥೆಯ ಗೇಟಿಗೆ ಸಿಟಿ ಬಸ್ ಇದೆ.

ಕೊನೆಯದಾಗಿ ಒಂದು ಸುದ್ದಿ. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಹತ್ತಿರ ರೆಡ್‌ವಿಂಗ್ ಎಂಬ ಹೊಸ ಗ್ಲೈಡರನ್ನು ನೀರಿಗಿಳಿಸಿದರು. ಈ ಸಲ ಒಂದು ಸಾಗರವಲ್ಲ, ಇಡೀ ಭೂಮಿ ಸುತ್ತಿಸುವ ಯೋಜನೆ, ವರ್ಷಗಳ ಪಯಣ. ಒಂಟಿ ನಾವಿಕ ಜೋಶುವಾ ಸ್ಲೋಕಮ್ ಮುದಿ ವಯಸ್ಸಿನಲ್ಲಿ ಅದೇ ದ್ವೀಪದಿಂದ ತನ್ನ ದೋಣಿ ಹತ್ತಿ ಹೊರಟಿದ್ದ. ಅವನು ಮರಳಿ ಬರಲಿಲ್ಲ.